ಎರಡನೇ ಸಲ ಬಂದ ಮಾತು

ಹೊಳೆಯ ದಂಡೆಯ ಮೇಲೊಂದು ಮಠ. ಮಠಕ್ಕೊಬ್ಬರು ಸ್ವಾಮಿಗಳು, ಜನರ ಬಾಯಲ್ಲಿ ಅಜ್ಜಾರು, ಅಡಿವೆಯ್ಯ ಅಂತ ಹೆಸರು. ಅವರಿಗೊಬ್ಬ ಶಿಷ್ಯ, ಕಲ್ಮೇಶ.

ಬೇರೆ ಮಠಗಳಲ್ಲಿ ಶಿಷ್ಯರು ಗಂಟೆ ಬಾರಿಸುತ್ತಾರೆ, ಹೂ ಕಟ್ಟುತ್ತಾರೆ. ಕಲ್ಮೇಶನ ಸೇವೆ ಬೇರೆ. ಆಣೆಕಟ್ಟಿನಿಂದ ಬರುವ ಸಂದೇಶಗಳನ್ನು ಹಿಡಿದು ದಂಡೆಯ ಜನಕ್ಕೆ ಮುಟ್ಟಿಸುವುದು.

ಅಜ್ಜಾರು ಕಾವಿ ಉಡುವ ಮೊದಲು ಕಂಪ್ಯೂಟರುಗಳ ನಡುವೆ ಬದುಕಿದವರು. ಒಂದು ಯಂತ್ರದ ಮಾತು ಇನ್ನೊಂದು ಯಂತ್ರಕ್ಕೆ ತಿಳಿಯುವಂತೆ ಮಾಡುವುದೇ ಆಗ ಅವರ ಕಸುಬು. ಒಂದು ವರ್ಷ ಹೊಳೆ ಹೇಳದೆ ಕೇಳದೆ ಬಂದು ನಡುಗಡ್ಡೆಯ ಗುಡಿಸಲುಗಳನ್ನು ಒಯ್ದಿತು. ಅದಾದ ಮೇಲೆ ಅವರು ಪೂಜೆಯ ಕೋಣೆಯ ಪಕ್ಕದಲ್ಲೇ ಯಂತ್ರ ಇಡಿಸಿದರು.

ಆಣೆಕಟ್ಟಿನ ಯಂತ್ರದಲ್ಲಿ ಸಂದೇಶಗಳು ಸರದಿಯಲ್ಲಿ ನಿಲ್ಲುತ್ತವೆ. ಒಂದನ್ನು ತೆಗೆದುಕೊಂಡು "ಮುಟ್ಟಿತು" ಎಂದು ಮಾರುತ್ತರ ಕೊಟ್ಟರೆ ಸಾಕು, ಅದು ಅಲ್ಲಿಂದ ಅಳಿದುಹೋಗುತ್ತದೆ. ಅದಕ್ಕೆ ಕ್ಯೂ ಅನ್ನುತ್ತಾರೆ.

ಮಠದ ಯಂತ್ರದಲ್ಲಿ ಹಾಗಲ್ಲ. ಬಂದದ್ದೆಲ್ಲ ಒಂದರ ಹಿಂದೊಂದು ಸಾಗುತ್ತದೆ, ಅಳಿಯದೆ ಉಳಿಯುತ್ತದೆ. ದಂಡೆಯಿಂದ ಹೊಳೆಗಿಳಿಯುವ ಒಂದೊಂದು ಘಟ್ಟದಲ್ಲೂ, ನಡುಗಡ್ಡೆಯಲ್ಲೂ ಒಂದೊಂದು ಮಾತಾಡುವ ಪೆಟ್ಟಿಗೆ ಇದೆ. ಅದು ತಾನು ಎಲ್ಲಿಯವರೆಗೆ ಓದಿದ್ದೆ ಎಂದು ನೋಡಿಕೊಂಡು ಮುಂದಿನದನ್ನು ಓದಿ ಗಟ್ಟಿಯಾಗಿ ಹೇಳುತ್ತದೆ. ಇದಕ್ಕೆ ಸ್ಟ್ರೀಮ್ ಅನ್ನುತ್ತಾರೆ.

ಕ್ಯೂನಿಂದ ಎತ್ತಿ ಸ್ಟ್ರೀಮಿಗೆ ಹಾಕುವುದು ಕನೆಕ್ಟರ್. ಅಜ್ಜಾರು ಅದನ್ನು ಕೊಂಡಿ ಎಂದು ಕರೆಯುತ್ತಿದ್ದರು. ಆ ಕೊಂಡಿ ಹಾಕಿದವನು ಕಲ್ಮೇಶ, ಮತ್ತು ಅದರ ಬಗ್ಗೆ ಅವನಿಗೆ ಜಂಬವಿತ್ತು.

ಆಣೆಕಟ್ಟಿನ ಯಂತ್ರಕ್ಕೊಂದು ಚಟ. ಗಾಳಿ ಮಳೆಗೆ ಲೈನು ಕೆಟ್ಟು ಮಾರುತ್ತರ ತಲುಪದಿದ್ದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಿತ್ತು. ಆ ಸಂದೇಶಗಳಿಗೆ ಕ್ರಮದ ಅಂಕಿ ಇರಲಿಲ್ಲ, ಹೊತ್ತಿನ ಗುರುತೂ ಇರಲಿಲ್ಲ. ಹೀಗಾಗಿ ಪೆಟ್ಟಿಗೆಗಳು ಒಂದೇ ಮಾತನ್ನು ಎರಡೆರಡು ಸಲ ಹೇಳುತ್ತಿದ್ದವು.

ನಡುಗಡ್ಡೆಯಲ್ಲಿ ಆಡು ಸಾಕಿಕೊಂಡಿದ್ದ ಮಾನಮ್ಮ ಒಂದು ಸೋಮವಾರ ಮಠಕ್ಕೆ ಬಂದವಳು ಪ್ರಸಾದದ ಪಂಕ್ತಿಯಲ್ಲೇ ಅವನನ್ನು ಹಿಡಿದಳು. "ನಿಮ್ಮ ಪೆಟ್ಟಿಗಿ ತೊದಲಾಕತ್ತೇತಲ್ಲೋ ಕಲ್ಮೇಶಾ, ನಾಲಿಗಿಗೆ ಒಂದಿಷ್ಟು ಬಜಿ ಬೇರು ತೇದು ಹಚ್ಚು" ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಕಲ್ಮೇಶ ನಗಲಿಲ್ಲ. ಕೈ ತೊಳೆದವನೇ ಯಂತ್ರದ ಮುಂದೆ ಕೂತ. ಒಂದರ ಬೆನ್ನಿಗೆ ಅದೇ ಮಾತು ಬಂದರೆ ಎರಡನೆಯದನ್ನು ಒಗೆದುಬಿಡು ಎಂದು ಕೊಂಡಿಗೆ ಕಲಿಸಿದ. ಒಗೆದದ್ದಕ್ಕೂ "ಮುಟ್ಟಿತು" ಎಂದು ಮೇಲಕ್ಕೆ ಮಾರುತ್ತರ ಕೊಡು ಎಂದೂ ಕಲಿಸಿದ. ಪೆಟ್ಟಿಗೆಗಳ ತೊದಲು ನಿಂತಿತು.

ಸಂಜೆ ಅಜ್ಜಾರ ಮುಂದೆ ಹೋಗಿ ಅದನ್ನು ವರದಿ ಮಾಡಿದ. ಅಜ್ಜಾರು ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು.

"ಹಿಂದ ಬಂದದ್ದು ಮೊದಲಿನದರ ನೆರಳೋ, ಅದರಂಥಾದ್ದು ಇನ್ನೊಂದೋ? ಹ್ಯಾಂಗ ತಿಳೀತೈತೋ ತಮ್ಮಾ?"

ಕಲ್ಮೇಶನಿಗೆ ಮೈ ಜುಮ್ಮೆಂದಿತು. ಇಷ್ಟು ದಿನಕ್ಕೆ ಗುರುಗಳು ತನಗೊಂದು ತತ್ವದ ಮಾತು ಹೇಳಿದರು ಎಂದುಕೊಂಡ. ಬಿಂಬ, ಪ್ರತಿಬಿಂಬ, ಎರಡಲ್ಲದ ಒಂದು. ಅಜ್ಜಾರ ಪಾದ ಮುಟ್ಟಿ, ಅಲ್ಲೇ ಕಣ್ಣು ಮುಚ್ಚಿ ಕೂತುಬಿಟ್ಟ.

ಮಠದ ಶಿಷ್ಯರ ಹಣೆಬರಹವೇ ಇಷ್ಟು. ಗುರು ಕುಡಿಯಲು ನೀರು ಕೇಳಿದರೂ ಅದರಲ್ಲಿ ಅರ್ಥ ಹುಡುಕುತ್ತಾರೆ. ಅಜ್ಜಾರು ಸ್ವಲ್ಪ ಹೊತ್ತು ಅವನನ್ನು ನೋಡಿದರು, ಏನೋ ಹೇಳಲು ಹೋದರು, ಅಷ್ಟರಲ್ಲಿ ಪೂಜೆಯ ಗಂಟೆ ಆಯಿತು. ಎದ್ದು ಹೋದರು.

ಮಳೆಗಾಲ ಬಂತು.

ದಂಡೆಯ ಮೇಲೆ ಎಲ್ಲರಿಗೂ ಗೊತ್ತಿದ್ದ ಲೆಕ್ಕ ಇದು. ಆಣೆಕಟ್ಟಿನ ಎರಡು ಗೇಟು ತೆರೆದರೆ ನಡುಗಡ್ಡೆಗೆ ಹೋಗುವ ಕಲ್ಲುದಾರಿಗೆ ಏನೂ ಆಗುವುದಿಲ್ಲ. ನಾಲ್ಕು ತೆರೆದರೆ ಕಲ್ಲುದಾರಿ ಮುಳುಗುತ್ತದೆ, ಆದರೆ ನಡುಗಡ್ಡೆಯ ದಿಬ್ಬ ಉಳಿಯುತ್ತದೆ. ಆಗ ಅಲ್ಲಿದ್ದವರು ಅಲ್ಲೇ ಇರಬೇಕು, ನೀರಿಗೆ ಇಳಿಯಬಾರದು. ಆರು ತೆರೆದರೆ ದಿಬ್ಬವೂ ಹೋಗುತ್ತದೆ. ಆಗ ಕಲ್ಲು ಮುಳುಗುವ ಮೊದಲೇ ಓಡಿ ಬರಬೇಕು.

ಆಣೆಕಟ್ಟಿನವರು ಒಟ್ಟು ಎಷ್ಟು ತೆರೆದಿವೆ ಎಂದು ಹೇಳುತ್ತಿರಲಿಲ್ಲ. ಈಗ ಎಷ್ಟು ತೆರೆದೆವು ಎಂದಷ್ಟೇ ಹೇಳುತ್ತಿದ್ದರು. ಕೂಡಿಸಿಕೊಳ್ಳುವುದು ಕೇಳಿದವರ ಕೆಲಸ.

ಆ ದಿನ ಬೆಳಿಗ್ಗೆ ಪೆಟ್ಟಿಗೆಗಳೆಲ್ಲ ಹೇಳಿದವು, ಎರಡು ಗೇಟ್ ತೆರೆಯಲಾಗಿದೆ ಎಂದು. ಒಂದೇ ಸಲ, ಚೊಕ್ಕವಾಗಿ.

ನಡುಗಡ್ಡೆಯ ಗಂಡಸರು ಸಂತೆಗೆ ಹೋಗಿದ್ದರು. ಇದ್ದವರು ಮಾನಮ್ಮ, ಅವಳ ಸೊಸೆ, ಇನ್ನೆರಡು ಮನೆಯ ಹೆಂಗಸರು, ಮಕ್ಕಳು. ಎರಡೇ ಅಂದಮೇಲೆ ಅವರು ಒಲೆ ಹೊತ್ತಿಸಿ ರೊಟ್ಟಿಗೆ ಕೂತರು.

ಮಧ್ಯಾಹ್ನಕ್ಕೆ ಮುಂಚೆ ಅಜ್ಜಾರು ಸ್ನಾನಕ್ಕೆಂದು ಘಟ್ಟಕ್ಕೆ ಇಳಿದರು. ಇಳಿದವರು ಸ್ನಾನ ಮಾಡಲಿಲ್ಲ. ನಿಂತಲ್ಲಿಂದಲೇ ಕಲ್ಮೇಶನನ್ನು ಕೂಗಿದರು.

"ಎಷ್ಟು ಬಿಟ್ಟಾರ?"

"ಎರಡ್ರಿ ಅಜ್ಜಾರ."

"ಎರಡಕ್ಕ ಈ ಮೆಟ್ಟಲ ಮುಳಗಿದ್ದು ಎಂದಾದ್ರೂ ನೋಡೀಯೇನು?"

ಕಲ್ಮೇಶ ನೋಡಿದ. ಅವರು ತೋರಿಸಿದ ಮೆಟ್ಟಿಲು ನೀರಿನ ಕೆಳಗಿತ್ತು. ನೋಡುತ್ತ ನಿಂತ ಹಾಗೆಯೇ ನೀರು ಮುಂದಿನ ಮೆಟ್ಟಿಲಿನ ಅಂಚನ್ನು ಮುಟ್ಟಿತು. ಕಸ, ಕಡ್ಡಿ, ಯಾರದೋ ಹೊಲದ ಬೇಲಿಯ ಮುಳ್ಳು, ಎಲ್ಲ ಸುತ್ತಿಕೊಂಡು ಬರುತ್ತಿತ್ತು.

ಇಬ್ಬರೂ ಯಂತ್ರದ ಕೋಣೆಗೆ ಬಂದರು. ಕಲ್ಮೇಶ ಮೊದಲು ಕ್ಯೂ ನೋಡಿದ, ಖಾಲಿ ಇತ್ತು. ಸ್ಟ್ರೀಮ್ ನೋಡಿದ, ಬೆಳಗಿನ ಒಂದೇ ಒಂದು ಸಾಲು ಇತ್ತು. ಆಣೆಕಟ್ಟಿಗೆ ಫೋನು ಹಚ್ಚಿದ. ಟವರೇ ಇರಲಿಲ್ಲ.

"ನಡುವ ಏನರ ಬಿದ್ದೈತೇನು?" ಎಂದರು ಅಜ್ಜಾರು.

ಕಲ್ಮೇಶ ಕೊಂಡಿಯ ಸಾಲುಗಳನ್ನು ತೆರೆದ. "ಒಂದ ಮಾತು ಎರಡನೇ ಸಲ ಬಂದ್ರ ಒಗೀತೈತ್ರಿ. ನಾನ ಹಂಗ ಮಾಡೀನಿ."

"ಒಗದದ್ದು ಎಲ್ಲೈತಿ?"

"ಎಲ್ಲೂ ಇಲ್ರಿ. ಮುಟ್ಟೇತಿ ಅಂತ ಹೇಳಿದ ಕೂಡ್ಲೆ ಮ್ಯಾಲ ಅಳಸಿ ಹೋಗೇತಿ. ಕೆಳಗ ನಾ ಹಾಕಿಲ್ಲ."

"ಎಷ್ಟು ಒಗದೇತಿ?"

"ಎಣಿಸಿಲ್ರಿ."

ಕಲ್ಮೇಶನಿಗೆ ಆಗ ಎಲ್ಲ ಒಮ್ಮೆಗೇ ತಿಳಿಯಿತು. ಎರಡು ತೆರೆದರು. ಮತ್ತೆ ಎರಡು ತೆರೆದು ಅದೇ ಮಾತನ್ನು ಕಳಿಸಿದರು. ಅದನ್ನು ಕೊಂಡಿ ತೊದಲು ಎಂದು ತಿಳಿದು ಒಗೆಯಿತು. ಅದಾದ ಮೇಲೆ ಇನ್ನೂ ಎರಡು ತೆರೆದರೋ ಇಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ.

"ಅಜ್ಜಾರ, ಆವತ್ತ ನೀವು ನೆರಳು ಅಂತ ಕೇಳಿದ್ದು..."

"ಗೇಟಿನ ಮಾತು ಕೇಳಿದ್ನೋ ತಮ್ಮಾ. ನೀ ಕಣ್ಣು ಮುಚ್ಚಿದಿ. ನಿನಗ ತಿಳದಿಲ್ಲ ಅಂತ ಗೊತ್ತಿದ್ದೂ ನಾ ಬಿಡಿಸಿ ಹೇಳಲಿಲ್ಲ. ಅದು ನನ್ನ ತಪ್ಪು. ಈಗ ಅದಕ್ಕ ಹೊತ್ತಿಲ್ಲ."

ಕಲ್ಮೇಶ ಕೀಲಿಮಣೆಯನ್ನು ಮುಂದಕ್ಕೆ ಎಳೆದುಕೊಂಡ. ಆರು ಗೇಟ್ ತೆರೆಯಲಾಗಿದೆ ಎಂದು ಬರೆಯತೊಡಗಿದ. ಅದನ್ನು ಸ್ಟ್ರೀಮಿಗೆ ಬಿಟ್ಟರೆ ನಡುಗಡ್ಡೆಯ ಪೆಟ್ಟಿಗೆ ಕೂಗುತ್ತದೆ, ಎಲ್ಲರೂ ಓಡಿ ಬರುತ್ತಾರೆ, ಉಳಿಯುತ್ತಾರೆ.

ಅಜ್ಜಾರು ಅವನ ಮಣಿಕಟ್ಟು ಹಿಡಿದರು. ವಯಸ್ಸಾದ ಕೈ, ಆದರೆ ಹಿಡಿತ ಬಿಗಿಯಾಗಿತ್ತು.

"ನಾಕ ಇದ್ರ?"

ಕಲ್ಮೇಶ ಬರೆಯುವುದನ್ನು ನಿಲ್ಲಿಸಿದ. ನಾಲ್ಕೇ ಆಗಿದ್ದರೆ ದಿಬ್ಬದ ಮೇಲೆ ಕೂತವರಿಗೆ ಏನೂ ಆಗುವುದಿಲ್ಲ. ಆರು ಎಂದು ನಂಬಿ ಕೂಸುಗಳನ್ನು ಎತ್ತಿಕೊಂಡು ಮುಳುಗುತ್ತಿರುವ ಕಲ್ಲಿನ ಮೇಲೆ ಓಡಿ ಬಂದರೆ, ಅವರನ್ನು ಹೊಳೆಗೆ ತಳ್ಳಿದವನು ತಾನೇ ಆಗುತ್ತಾನೆ.

"ಎರಡೂ ಕಡೆ ಸಾವೈತಿ. ಯಾವ ಕಡೆ ಅಂತ ನಿನಗ ಗೊತ್ತೈತೇನು?"

"ಗೊತ್ತಿಲ್ರಿ."

"ಅದನ್ನ ಬರಿ."

ಕಲ್ಮೇಶನ ಬೆರಳು ಏಳಲಿಲ್ಲ. ದಂಡೆಯ ಪ್ರತಿ ಘಟ್ಟದಲ್ಲೂ ಅದು ಕೇಳುತ್ತದೆ. ಇಷ್ಟು ವರ್ಷ ಮಠದ ಪೆಟ್ಟಿಗೆ ಹೇಳಿತು ಅಂದರೆ ಜನ ಮರುಮಾತಿಲ್ಲದೆ ನಂಬಿದ್ದರು. ಇನ್ನು ಯಾರು ನಂಬುತ್ತಾರೆ, ಮಠದ ಮರ್ಯಾದೆ ಏನಾಗುತ್ತದೆ ಎಂದು ತಡವರಿಸಿಕೊಂಡು ಹೇಳಿದ.

"ಮಠದ ಮರ್ಯಾದಿ ಈಸತೈತಿ. ಕೂಸು ಈಸೂದಿಲ್ಲ."

ಕಲ್ಮೇಶ ಬರೆದ. ಎರಡಕ್ಕಿಂತ ಹೆಚ್ಚು ಗೇಟ್ ತೆರೆದಿವೆ, ನಾಲ್ಕೋ ಆರೋ ಮಠಕ್ಕೆ ಗೊತ್ತಿಲ್ಲ, ತಪ್ಪು ಮಠದ್ದು. ಹೊರಗೆ ಘಟ್ಟದ ಪೆಟ್ಟಿಗೆ ಅದನ್ನೇ ತನ್ನ ಸಪ್ಪೆ ದನಿಯಲ್ಲಿ ಒದರಿತು.

ಅವನು ಯಂತ್ರ ನೋಡಿದ. ನಡುಗಡ್ಡೆಯ ಪೆಟ್ಟಿಗೆ ಆ ಸಾಲನ್ನೂ ದಾಟಿ ಓದಿ ಮುಗಿಸಿತ್ತು.

"ಓದೇತ್ರಿ ಅಜ್ಜಾರ."

"ಪೆಟ್ಟಿಗಿ ಓದೇತಿ. ಮಾನಮ್ಮ ಕೇಳ್ಯಾಳೇನು?"

ಯಂತ್ರ ಅದನ್ನು ತೋರಿಸುತ್ತಿರಲಿಲ್ಲ. ಕಲ್ಮೇಶ ಎದ್ದು ಓಡಿದ. ಅಜ್ಜಾರು ತಡೆಯಲಿಲ್ಲ.

ಕಲ್ಲುದಾರಿಯ ಕಲ್ಲುಗಳು ಬೆನ್ನು ಮಾತ್ರ ತೋರಿಸುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಇಡುವಾಗ ನೀರು ಪಾದದ ಮೇಲೆ ಹಾಯುತ್ತಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಅದು ಅರ್ಧ ದಾರಿಗೆ ಬಂದಮೇಲೆ ಅವನಿಗೆ ನೆನಪಾಯಿತು.

ಎದುರಿನಿಂದ ಮಾನಮ್ಮ ಬರುತ್ತಿದ್ದಳು. ಕಂಕುಳಲ್ಲಿ ಮೊಮ್ಮಗಳು. ಹಿಂದೆ ಸೊಸೆ, ಅವಳ ಹಿಂದೆ ಉಳಿದವರು, ಒಬ್ಬರ ಸೆರಗು ಒಬ್ಬರು ಹಿಡಿದು.

"ಎಷ್ಟೋ?" ಎಂದಳು.

"ಗೊತ್ತಿಲ್ಲ ಯವ್ವಾ."

"ಗೊತ್ತಿಲ್ಲ ಅಂದದ್ದಕ್ಕ ಎದ್ದು, ಕಲ್ಲು ಇನ್ನೂ ಕಾಣತಾವ ಅಂತ ಬಂದೀನಿ. ಮುಂಜಾನಿ ಗೊತ್ತೈತಿ ಅಂದದ್ದಕ್ಕ ಒಲಿ ಮುಂದ ಕುಂತಿದ್ನಿ. ಹಿಡಿ ಕೂಸಿನ್ನ."

ಅವನು ಕೂಸನ್ನು ತೆಗೆದುಕೊಂಡ. ತಿರುಗಿ ನಡೆಯುವಷ್ಟರಲ್ಲಿ ಕಲ್ಲುಗಳು ಕಾಣದಾದವು. ಕಾಲಿನಿಂದ ತಡವಿ ತಡವಿ ಹೆಜ್ಜೆ ಇಟ್ಟರು. ದಂಡೆ ಇನ್ನೇನು ಸಿಕ್ಕಿತು ಅನ್ನುವಾಗ ಸೊಸೆಯ ಹಿಂದಿದ್ದವಳ ಕಾಲು ಜಾರಿತು. ಸೊಸೆ ಅವಳ ಜಡೆ ಹಿಡಿದಳು, ಮಾನಮ್ಮ ಸೊಸೆಯ ರಟ್ಟೆ ಹಿಡಿದಳು, ದಂಡೆಯ ಮೇಲೆ ನಿಂತಿದ್ದ ಅಜ್ಜಾರು ಸೊಂಟದವರೆಗೆ ನೀರಿಗಿಳಿದು ಎಲ್ಲರನ್ನೂ ಎಳೆದುಕೊಂಡರು. ಕಾವಿಯೆಲ್ಲ ಕೆಸರಾಯಿತು.

ಎಲ್ಲರೂ ಬಂದಿದ್ದರು. ಆಡುಗಳು ಬಂದಿರಲಿಲ್ಲ. ಕೂಸು ಎತ್ತಿಕೊಂಡವರಿಗೆ ಆಡು ಹೊಡೆದುಕೊಂಡು ಬರಲು ಕೈ ಎಲ್ಲಿತ್ತು?

ನೋಡನೋಡುತ್ತ ನೀರು ದಿಬ್ಬಕ್ಕೆ ಏರಿತು. ನಾಲ್ಕಲ್ಲ, ಆರು. ಗುಡಿಸಲುಗಳು ಒಂದೊಂದಾಗಿ ಸಡಿಲಗೊಂಡು ತೇಲಿ ಹೋದವು. ಆಡುಗಳು ಮೇಲೆ ಮೇಲೆ ಸರಿದು ದಿಬ್ಬದ ನೆತ್ತಿಯಲ್ಲಿ ಒತ್ತೊತ್ತಾಗಿ ನಿಂತವು. ಅವುಗಳ ಕೂಗು ಈ ದಂಡೆಗೆ ಕೇಳುತ್ತಿತ್ತು.

ಪ್ರಸಾದಕ್ಕೆ ಕರೆದರೆ ಮಾನಮ್ಮ ಬರಲಿಲ್ಲ. ಒದ್ದೆ ಸೀರೆಯಲ್ಲೇ ಘಟ್ಟದ ಮೇಲೆ ನಿಂತಿದ್ದಳು. ಅವಳ ಬದುಕೆಲ್ಲ ಆ ನೆತ್ತಿಯ ಮೇಲೆ ನಿಂತಿತ್ತು.

ಕಲ್ಮೇಶ ಒಳಗೆ ಹೋಗಿ ಕೊಂಡಿಗೆ ತಾನು ಕಲಿಸಿದ್ದನ್ನು ಕಿತ್ತುಹಾಕಿದ. ಇನ್ನು ಬಂದದ್ದು ಬಂದ ಹಾಗೆಯೇ ಹೋಗಲಿ ಎಂದು ಬಿಟ್ಟ. ತೊದಲಿದರೆ ತೊದಲಲಿ. ನಾಚಿಕೆಯಿಂದ ಅವನಿಗೆ ಹೊರಗೆ ಬರಲು ಮನಸ್ಸಾಗಲಿಲ್ಲ, ಅಲ್ಲೇ ಕೂತ.

ಬಿಸಿಲು ಇಳಿಯುವ ಹೊತ್ತಿಗೆ ಸಂದೇಶ ಬಂತು. ಎರಡು ಗೇಟ್ ಮುಚ್ಚಲಾಗಿದೆ. ಪೆಟ್ಟಿಗೆ ಹೇಳಿತು.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಎರಡು ಗೇಟ್ ಮುಚ್ಚಲಾಗಿದೆ. ಪೆಟ್ಟಿಗೆ ಅದನ್ನೂ ಹೇಳಿತು.

ಮಾನಮ್ಮ ಯಂತ್ರದ ಕೋಣೆಯ ಬಾಗಿಲಿಗೆ ಬಂದಳು. ಸೊಂಟಕ್ಕೆ ಬಾವಿಯ ಹಗ್ಗ ಬಿಗಿದುಕೊಂಡಿದ್ದಳು. ಹಗ್ಗದ ಇನ್ನೊಂದು ತುದಿ ಅವಳ ಹಿಂದೆ ನೆಲದ ಮೇಲೆ ಎಳೆದುಕೊಂಡು ಬಂದಿತ್ತು. ಹಿಡಿ ಅಂದರೆ ಸೊಸೆ ಹಿಡಿದಿರಲಿಲ್ಲ. ಹಿಡಿದರೆ ಅತ್ತೆ ನೀರಿಗೆ ಇಳಿಯುತ್ತಾಳೆಂದು ಅವಳು ದೂರ ನಿಂತು ಅಳುತ್ತಿದ್ದಳು.

"ಎರಡು ಮುಚ್ಚ್ಯಾರೋ, ನಾಕು ಮುಚ್ಚ್ಯಾರೋ?" ಎಂದಳು ಮಾನಮ್ಮ. "ನಾಕ ಆದ್ರ ಸೆಳವು ಇಳೀತೈತಿ. ಹೋಗಿ ಒಂದ ನಾಕ ಮರಿ ಆದರೂ ತರತೀನಿ. ಎರಡ ಆದ್ರ ಹೊಳಿ ನನ್ನ ಒಯ್ತೈತಿ. ಹೇಳು."

ಕಲ್ಮೇಶ ಅವಳ ಮುಖ ನೋಡಲಾರದೆ ಯಂತ್ರ ನೋಡಿದ. ಒಂದೇ ಥರದ ಎರಡು ಸಾಲು. ಎರಡನೆಯದು ನಿಜವಾದ ಮುಚ್ಚುವಿಕೆಯೋ, ಲೈನು ಕೆಟ್ಟು ಮತ್ತೆ ಬಂದದ್ದೋ, ಸಾಲುಗಳು ಹೇಳಲಿಲ್ಲ.

ನಾಲ್ಕು ಎಂದು ಹೇಳಬೇಕೆಂದು ಅವನ ಜೀವ ಒದ್ದಾಡಿತು. ಬೆಳಿಗ್ಗೆ ತಾನು ಆ ಮಾತುಗಳನ್ನು ಒಗೆಯದಿದ್ದರೆ ಆಡುಗಳು ಈಗ ಮಠದ ಅಂಗಳದಲ್ಲಿ ಸೊಪ್ಪು ತಿನ್ನುತ್ತಿದ್ದವು. ಎರಡೇ ಎಂದು ಖಡಾಖಂಡಿತ ಹೇಳಿ ಅವಳನ್ನು ಕೂರಿಸಬೇಕು ಎಂದೂ ಅನಿಸಿತು. ಎರಡೂ ನಾಲಿಗೆಯ ತುದಿಗೆ ಬಂದವು.

"ಗೊತ್ತಿಲ್ಲ ಯವ್ವಾ" ಎಂದ.

"ಮುಂಜಾನಿ ಎಲ್ಲಾ ಗೊತ್ತಿತ್ತು ನಿನಗ. ನನ್ನ ಆಡಿನ ಹೊತ್ತಿಗೆ ಗೊತ್ತಿಲ್ಲ."

ಕಲ್ಮೇಶನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಮಾನಮ್ಮ ಹೋಗಿ ಘಟ್ಟದ ಮೆಟ್ಟಿಲ ಮೇಲೆ ಕೂತಳು. ನೀರು ಅವಳ ಹಿಮ್ಮಡಿಗೆ ತಾಗುತ್ತಿತ್ತು. ಹಗ್ಗ ಬಿಚ್ಚಲಿಲ್ಲ. ದಿಬ್ಬದ ಮೇಲೆ ಒಂದು ಆಡು ಮುಗ್ಗರಿಸಿ ನೀರಿಗೆ ಬಿತ್ತು, ತಿರುಗುತ್ತ ಹೋಯಿತು. ಅವಳು ಅರ್ಧ ಎದ್ದು ಮತ್ತೆ ಕೂತಳು.

ಆಗ ಕ್ಯೂನಲ್ಲಿ ಮೂರನೇ ಸಂದೇಶ ಬಂದು ನಿಂತಿತು. ಎರಡು ಗೇಟ್ ಮುಚ್ಚಲಾಗಿದೆ. ಅದೇ ಮಾತು, ಅದೇ ಅಕ್ಷರ. ಇನ್ನೊಂದು ಗಳಿಗೆಗೆ ಕೊಂಡಿ ಅದನ್ನು ಎತ್ತಿ ಸ್ಟ್ರೀಮಿಗೆ ಹಾಕುತ್ತದೆ, ಘಟ್ಟದ ಪೆಟ್ಟಿಗೆ ಓದಿ ಹೇಳುತ್ತದೆ.

ಮೂರು ಸಲ ಕೇಳಿದ ಮೇಲೆ ಅವಳು ಕೂತಲ್ಲಿ ಕೂತಿರುವುದಿಲ್ಲ. ಕಲ್ಮೇಶನಿಗೆ ಅದು ಗೊತ್ತಿತ್ತು. ದಿನವೆಲ್ಲ ಅವನಿಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.

ಅವನ ಬೆರಳು ಕೊಂಡಿಯನ್ನು ನಿಲ್ಲಿಸುವ ಗುಂಡಿಯ ಮೇಲೆ ಬಂತು. ಬಾಗಿಲಲ್ಲಿ ಅಜ್ಜಾರು ನಿಂತಿದ್ದರು, ಇನ್ನೂ ಕೆಸರಿನ ಕಾವಿಯಲ್ಲೇ.

"ಇದೊಂದನ್ನ ತಡದು ಹಿಡೀಲೇನ್ರಿ ಅಜ್ಜಾರ? ಇದನ್ನ ಕೇಳಿದ್ರ ಆಕಿ ನೀರಿಗೆ ಇಳೀತಾಳ."

ಅಜ್ಜಾರು ಹೊಳೆಯ ಕಡೆ ನೋಡಿದರು. ಮೆಟ್ಟಿಲ ಮೇಲೆ ಕೂತ ಅವಳ ಬೆನ್ನನ್ನು ನೋಡಿದರು. ಆಮೇಲೆ ಹೇಳಿದರು:

"ತಡೀಬ್ಯಾಡ. ಹೋಗಿ ಆಕಿ ಹಗ್ಗ ಹಿಡಕೊಂಡು, ಬಂದದ್ದನ್ನೂ ಗೊತ್ತಿಲ್ಲದ್ದನ್ನೂ ನೀನ ಹೇಳು."